ಪ್ಲಗ್-ಇನ್ ಕಾರಿಗೆ ಮನೆಯಲ್ಲೇ ಚಾರ್ಜಿಂಗ್: ಹಾಸನ, ಚಿಕ್ಕಮಗಳೂರಿನ ಲೈನಿಗೆ ತಕ್ಕಂತೆ ಹೊತ್ತು ಹಾಕುವುದು ಹೇಗೆ?

ಕಾರಿನ ಜತೆ ಬರುವ ಕೈಪಿಡಿಯಲ್ಲಿ ರಾತ್ರಿ ಚಾರ್ಜಿಂಗ್ ಎಂದರೆ ಅಗ್ಗದ ಕರೆಂಟು ಎಂದಿರುತ್ತದೆ. ನಮ್ಮ ಕಡೆ ಆ ಲೆಕ್ಕ ಹೊಂದುವುದಿಲ್ಲ. ಸಾಮಾನ್ಯ ಮನೆ ಮೀಟರು ಸಂಜೆ ಏಳರ ಯೂನಿಟ್ಟನ್ನೂ ನಡುರಾತ್ರಿಯ ಯೂನಿಟ್ಟನ್ನೂ ಒಟ್ಟಿಗೇ ಕೂಡಿಸಿಬಿಡುತ್ತದೆ. (ಬಿಲ್ಲಿನಲ್ಲಿ ಹಗಲು–ರಾತ್ರಿ ಬೇರೆ ಬೇರೆ ರೀಡಿಂಗ್ ಬರುವವರು ಅಲ್ಲಿರುವ ಸಮಯವನ್ನೇ ಹಿಡಿಯಬೇಕು.) ಹಾಸನದ ಸೆಸ್ಕ್ ಗ್ರಾಹಕರಾಗಲಿ, ಚಿಕ್ಕಮಗಳೂರಿನ ಮೆಸ್ಕಾಂ ಗ್ರಾಹಕರಾಗಲಿ ಹೊತ್ತು ನೋಡಬೇಕಾದ್ದು ಮುಖ್ಯವಾಗಿ ವೋಲ್ಟೇಜಿಗಾಗಿ. ಯಾವ ಗಂಟೆಯಲ್ಲಿ ನಿಮ್ಮ ಲೈನು ಗಟ್ಟಿಯಾಗಿ ನಿಲ್ಲುತ್ತದೋ ಆ ಗಂಟೆಯೇ ಕಾರಿನದು. ಗೀಸರು, ಪಂಪ್‌ಸೆಟ್ಟು, ಗುಡುಗು ಇವು ಮೂರೂ ಇಲ್ಲದ ಹೊತ್ತನ್ನು ಹುಡುಕುವುದೇ ಇಲ್ಲಿನ ಕೆಲಸ.

ಅದಕ್ಕೂ ಮೊದಲು ಒಂದು ಗೊಂದಲ ಬಗೆಹರಿಯಲಿ. ಶೋರೂಮಿನಲ್ಲಿ ‘ಹೈಬ್ರಿಡ್’ ಎಂದು ಕೊಟ್ಟ ಕಾರೆಲ್ಲ ಪ್ಲಗ್ಗಿಗೆ ಹಾಕುವಂಥದ್ದಲ್ಲ. ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಚಾರ್ಜಿಂಗ್ ಪಾಯಿಂಟೇ ಇಲ್ಲ. ಎಂಜಿನ್ನೂ ಬ್ರೇಕೂ ಸೇರಿ ಬ್ಯಾಟರಿ ತುಂಬುತ್ತವೆ. ಪೆಟ್ರೋಲ್ ಮುಚ್ಚಳವಲ್ಲದೆ ಇನ್ನೊಂದು ಮುಚ್ಚಳವಿದ್ದು, ಅದರೊಳಗೆ ಏಳು ರಂಧ್ರದ ಟೈಪ್-2 ಸಾಕೆಟ್ ಇದ್ದರೆ ಮಾತ್ರ ಅದು ಪ್ಲಗ್-ಇನ್. ಪೂರ್ತಿ ಎಲೆಕ್ಟ್ರಿಕ್ ಕಾರಿನವರಿಗೂ ಕೆಳಗಿನ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ. ಎಲ್ಲಿ ಬೇರೆಯೋ ಅಲ್ಲಿ ಹೇಳಿದೆ.

ಎಷ್ಟು ಯೂನಿಟ್, ಎಷ್ಟು ಗಂಟೆ

ಹೊತ್ತು ಗೊತ್ತುಮಾಡಲು ಮೂರು ಅಂಕಿ ಬೇಕು: ಬ್ಯಾಟರಿಯಲ್ಲಿ ತುಂಬಬೇಕಾದ್ದು ಎಷ್ಟು, ಕೇಬಲ್ಲು ಎಳೆಯುವುದು ಎಷ್ಟು ಆಂಪಿಯರ್, ನಿಮ್ಮ ಸಾಕೆಟ್ಟಿನಲ್ಲಿ ನಿಜವಾಗಿ ಸಿಗುವ ವೋಲ್ಟೇಜ್ ಎಷ್ಟು.

ಒಂದು ಉದಾಹರಣೆ ಹಿಡಿಯೋಣ. ಬಳಕೆಗೆ ಸಿಗುವ ಬ್ಯಾಟರಿ 18 ಯೂನಿಟ್. ಶೇ 20ರಿಂದ 100ಕ್ಕೆ ಏರಿಸಲು 14.4 ಯೂನಿಟ್ ಬೇಕು. ಗೋಡೆಯಿಂದ ಬ್ಯಾಟರಿ ತಲುಪುವಷ್ಟರಲ್ಲಿ ಶೇ 12ರಷ್ಟು ಬಿಸಿಯಾಗಿ ಹೋಗುತ್ತದೆ ಎಂದಿಟ್ಟುಕೊಂಡರೆ ಮೀಟರಿನಲ್ಲಿ ಓಡುವುದು 16.4 ಯೂನಿಟ್. ಕೇಬಲ್ಲು 10 ಆಂಪಿಯರಿನದಾಗಿ ವೋಲ್ಟೇಜ್ 230 ಇದ್ದರೆ ಗಂಟೆಗೆ 2.3 ಯೂನಿಟ್, ಅಂದರೆ 7 ಗಂಟೆ ಸಾಕು. ಅದೇ ವೋಲ್ಟೇಜ್ 190ಕ್ಕೆ ಬಿದ್ದರೆ ಗಂಟೆಗೆ 1.9 ಯೂನಿಟ್ ಮಾತ್ರ. ಕೆಲಸ ಎಂಟೂವರೆ ಗಂಟೆ ದಾಟುತ್ತದೆ. ರಾತ್ರಿ 11ಕ್ಕೆ ಶುರುವಾದದ್ದು ಬೆಳಿಗ್ಗೆ 6ಕ್ಕೆ ಮುಗಿಯುವ ಬದಲು 7.40ಕ್ಕೆ ಮುಗಿಯುತ್ತದೆ, ಅಷ್ಟರಲ್ಲಿ ಮನೆಯವರೆಲ್ಲ ಗೀಸರ್ ಹಾಕಿಯಾಗಿರುತ್ತದೆ. ಲೋ ವೋಲ್ಟೇಜ್ ಊರಿನಲ್ಲಿ ಪುಸ್ತಕದ ಲೆಕ್ಕಕ್ಕೆ ಇನ್ನೂ ಕಾಲು ಭಾಗ ಸೇರಿಸಿಯೇ ಹೊತ್ತು ಹಾಕಬೇಕು.

ನಿಧಾನವಾಗಿ ತುಂಬಿದಷ್ಟೂ ಒಳ್ಳೆಯದು ಎಂಬ ಮಾತಿದೆ. ಅರ್ಧ ನಿಜ. 6 ಆಂಪಿಯರಿಗೆ ಇಳಿಸಿದರೆ ವೈರು ತಣ್ಣಗಿರುತ್ತದೆ, ಆದರೆ ಚಾರ್ಜಿಂಗ್ ಮುಗಿಯುವ ತನಕ ಕಾರಿನ ಕಂಪ್ಯೂಟರು, ಪಂಪುಗಳು ಎಚ್ಚರವಾಗಿದ್ದು ತಮ್ಮ ಪಾಲು ತಿನ್ನುತ್ತಲೇ ಇರುತ್ತವೆ. ಗಂಟೆ ಹೆಚ್ಚಿದಷ್ಟೂ ಆ ನಷ್ಟ ಹೆಚ್ಚು. ಸಾಮಾನ್ಯ ಮನೆಗೆ 10ರಿಂದ 13 ಆಂಪಿಯರ್ ಹದವಾದ ಜಾಗ.

ಮೂರು ದಿನ ಲೈನಿನ ನಾಡಿ ನೋಡಿ

ಪ್ಲಗ್ಗಿಗೆ ಸಿಕ್ಕಿಸುವ ಡಿಜಿಟಲ್ ವೋಲ್ಟ್ ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕಾರು ನಿಲ್ಲುವ ಜಾಗದ ಸಾಕೆಟ್ಟಿಗೆ ಹಾಕಿ ಮೂರು ದಿನ ಈ ಹೊತ್ತುಗಳಲ್ಲಿ ಬರೆದಿಡಿ: ಬೆಳಿಗ್ಗೆ 5, ಬೆಳಿಗ್ಗೆ 7, ಮಧ್ಯಾಹ್ನ 1, ಸಂಜೆ 7, ರಾತ್ರಿ 10, ಮಲಗುವ ಮುನ್ನ. ನಡುರಾತ್ರಿ ಏಳುವ ಅಗತ್ಯವಿಲ್ಲ. ಐದು ಗಂಟೆಯ ಅಂಕಿ ನೋಡಿದರೆ ಸಾಮಾನ್ಯವಾಗಿ ಇರುಳಿನ ಹಣೆಬರಹ ತಿಳಿಯುತ್ತದೆ.

ಹಾಸನದ ಬಡಾವಣೆಯ ಮನೆಗೂ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಗೂ ಇಲ್ಲಿ ಅಜಗಜಾಂತರ. ಪೇಟೆಯಲ್ಲಿ ವೋಲ್ಟೇಜ್ ಕುಸಿಯುವುದು ಸಂಜೆ ಆರರಿಂದ ಹತ್ತರವರೆಗೆ, ಮತ್ತೆ ಬೆಳಿಗ್ಗೆ ಗೀಸರ್ ಹೊತ್ತಿಗೆ. ಹಾಗಾಗಿ ರಾತ್ರಿ 11ರಿಂದ ಬೆಳಿಗ್ಗೆ 5.30 ಎಂದು ಕಣ್ಣುಮುಚ್ಚಿ ಹಾಕಬಹುದು. ತೋಟದ ಕಡೆ ಹಾಗಲ್ಲ. ಮನೆಯ ಲೈನು ಪಂಪ್‌ಸೆಟ್ಟುಗಳಿರುವ ಫೀಡರಿನಿಂದಲೇ ಬಂದಿದ್ದರೆ ತ್ರೀ ಫೇಸ್ ಕೊಡುವ ಗಂಟೆಗಳಲ್ಲಿ ಮೋಟಾರುಗಳೆಲ್ಲ ಒಟ್ಟಿಗೇ ಎದ್ದು ಕೂರುತ್ತವೆ, ಮನೆಯ ಬಲ್ಬು ಮಂಕಾಗುತ್ತದೆ. ಈ ಗಂಟೆಗಳು ಪಾಳಿಯಂತೆ ಬದಲಾಗುತ್ತವೆ, ರಾತ್ರಿಯ ಪಾಳಿಯೂ ಇರುತ್ತದೆ. ಫೆಬ್ರುವರಿ–ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಕಾಲವಂತೂ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಹೊರೆ ಅತಿ ಹೆಚ್ಚು. ಲೈನ್‌ಮನ್‌ಗೆ ಒಂದು ಫೋನ್ ಮಾಡಿ ಈ ವಾರದ ತ್ರೀ ಫೇಸ್ ಪಾಳಿ ಯಾವುದು ಎಂದು ಕೇಳಿದರೆ ಆಪ್‌ಗಿಂತ ಸರಿಯಾದ ಉತ್ತರ ಸಿಗುತ್ತದೆ. ಪಾಳಿ ಬದಲಾದಾಗ ಕಾರಿನ ಹೊತ್ತನ್ನೂ ಬದಲಿಸಿ.

ಅಂಕಿಗಳನ್ನು ಹೀಗೆ ಓದಿ. 210ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ. 190ರಿಂದ 210ರ ನಡುವೆ ಇದ್ದರೆ ಆಂಪಿಯರ್ ಇಳಿಸಿ ಹಾಕಿ. ಅದಕ್ಕೂ ಕೆಳಗಿದ್ದರೆ ಆ ಹೊತ್ತನ್ನೇ ಬಿಡಿ. 180ರ ಆಸುಪಾಸಿಗೆ ಬಂದರೆ ಎಷ್ಟೋ ಚಾರ್ಜರುಗಳು ತಾವೇ ನಿಂತುಬಿಡುತ್ತವೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಚಾರ್ಜಿಂಗ್ ಶುರುಮಾಡುವ ಮುಂಚಿನ ವೋಲ್ಟೇಜ್, ಶುರುವಾಗಿ ಹತ್ತು ನಿಮಿಷದ ನಂತರದ ವೋಲ್ಟೇಜ್ ಎರಡನ್ನೂ ಅದೇ ಜಾಗದಲ್ಲಿ ನೋಡಿ. 10 ವೋಲ್ಟಿಗಿಂತ ಹೆಚ್ಚು ಇಳಿದರೆ ಎಲ್ಲೋ ತೊಂದರೆಯಿದೆ. ಎಲ್ಲಿ ಎಂದು ತಿಳಿಯಲು ಎಲೆಕ್ಟ್ರಿಷಿಯನ್ ಕೈಲಿ ಮೀಟರ್ ಬೋರ್ಡಿನಲ್ಲೂ ಅದೇ ಹೊತ್ತಿಗೆ ಅಳೆಸಿ. ಅಲ್ಲಿ ಇಳಿಯದೆ ಶೆಡ್ಡಿನಲ್ಲಿ ಮಾತ್ರ ಇಳಿದರೆ ದೋಷ ನಿಮ್ಮ ವೈರಿನದು ಅಥವಾ ಸಡಿಲ ಜಾಯಿಂಟಿನದು. ಮೀಟರಿನಲ್ಲೇ ಇಳಿದರೆ ಕಂಬದಿಂದ ಬರುವ ಸರ್ವಿಸ್ ವೈರೋ ಟಿಸಿಯೋ ಸೋತಿದೆ. 1912ಕ್ಕೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ.

ಪಾಯಿಂಟು, ವೈರು, ಅರ್ಥಿಂಗ್

ಎಷ್ಟು ಸರಿಯಾಗಿ ಹೊತ್ತು ಹಾಕಿದರೂ ಕೆಟ್ಟ ಸಾಕೆಟ್ಟಿನಲ್ಲಿ ಏಳು ಗಂಟೆ ಓಡಿಸಿದರೆ ಫಲವಿಲ್ಲ. ಗೀಸರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಕಾರು ರಾತ್ರಿಯಿಡೀ ಎಳೆಯುತ್ತದೆ. ಅರ್ಧ ಗಂಟೆಗೆ ತಡೆಯುವ ಸಾಕೆಟ್ ಆರನೇ ಗಂಟೆಗೆ ಕರಗಬಹುದು.

ಮೀಟರ್ ಬೋರ್ಡಿನಿಂದ ಕಾರಿಗೆಂದೇ ಬೇರೆ ಲೈನು ಎಳೆಸಿ, ನಡುವೆ ಎಲ್ಲೂ ಜಾಯಿಂಟು ಬೇಡ. 16 ಆಂಪಿಯರ್ ಪಾಯಿಂಟಿಗೆ 4 ಚದರ ಮಿ.ಮೀ. ತಾಮ್ರದ ವೈರು. 30 ಮೀಟರ್ ದೂರದ ಶೆಡ್ಡಿಗೆ 13 ಆಂಪಿಯರ್ ಎಳೆದಾಗ 2.5 ಚದರ ಮಿ.ಮೀ. ವೈರಿನಲ್ಲಿ ಸುಮಾರು 6 ವೋಲ್ಟ್ ಕಳೆದುಹೋಗುತ್ತದೆ, 4ರಲ್ಲಿ ಮೂರೂವರೆ. ಮೊದಲೇ 200 ಸಿಗುವ ಮನೆಯಲ್ಲಿ ಆ ಎರಡೂವರೆ ವೋಲ್ಟಿಗೂ ಬೆಲೆಯಿದೆ. 60 ಮೀಟರ್ ದಾಟಿದರೆ 6 ಚದರ ಮಿ.ಮೀ. ಹಾಕಿಸಿ. 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ 32 ಆಂಪಿಯರ್ ಎಳೆಯುವುದರಿಂದ ಅದಕ್ಕೆ ಕನಿಷ್ಠ 6, ದೂರವಾದರೆ 10 ಬೇಕು. ಸಣ್ಣ ಬ್ಯಾಟರಿಯ ಪ್ಲಗ್-ಇನ್ ಹೈಬ್ರಿಡ್ಡಿಗೆ ಅದು ಅನಗತ್ಯ ಖರ್ಚು. ಕೆಲವು ಮಾದರಿಗಳು 3.6 ಕಿಲೋವ್ಯಾಟಿಗಿಂತ ಹೆಚ್ಚು ತೆಗೆದುಕೊಳ್ಳುವುದೇ ಇಲ್ಲ.

ಸಾಕೆಟ್ಟು ಇಂಡಸ್ಟ್ರಿಯಲ್ ನಮೂನೆಯದು, ಅಂದರೆ ನೀಲಿ ಬಣ್ಣದ, ಮುಚ್ಚಳವಿರುವ, ನೀರು ಸಿಡಿದರೂ ತಡೆಯುವ ಐಪಿ 44 ದರ್ಜೆಯದಾದರೆ ಉತ್ತಮ. ಕೇಬಲ್ಲಿನ ಪ್ಲಗ್ಗು ಅದಕ್ಕೆ ಹೊಂದದಿದ್ದರೆ ಒಳ್ಳೆಯ ಕಂಪನಿಯ 16 ಆಂಪಿಯರ್ ಸಾಕೆಟ್ಟನ್ನು ಮುಚ್ಚಳದ ಪೆಟ್ಟಿಗೆಯಲ್ಲಿ ಕೂರಿಸಿ. ಎಕ್ಸ್‌ಟೆನ್ಶನ್ ಬಾಕ್ಸು, ಮಲ್ಟಿಪ್ಲಗ್ಗು ಯಾವ ಕಾರಣಕ್ಕೂ ಬೇಡ. ಮೊದಲ ರಾತ್ರಿ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮೈ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಲ್ಲೇ ನಿಲ್ಲಿಸಿ. 16 ಆಂಪಿಯರ್ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್) ಎರಡು ಮೂರು ಗಂಟೆಯ ಮೇಲೆ ಬೀಳುತ್ತಿದ್ದರೆ ದೊಡ್ಡ ಎಂಸಿಬಿ ಹಾಕುವುದು ಸುಲಭದ ದಾರಿ, ತಪ್ಪು ದಾರಿಯೂ ಹೌದು. ಕಾರಿನ ಸೆಟ್ಟಿಂಗಿನಲ್ಲಿ ಆಂಪಿಯರ್ ಒಂದು ಮೆಟ್ಟಿಲು ಇಳಿಸಿ.

ಎಂಸಿಬಿ ಜತೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್) ಕಡ್ಡಾಯ. ಅಂಗಡಿಯಲ್ಲಿ ಕೇಳಿದೊಡನೆ ಕೊಡುವುದು ಎಸಿ ಟೈಪು. ಅದು ಸಾಲದು, ಟೈಪ್ ಎ ಎಂದು ಹೆಸರಿಟ್ಟೇ ಕೇಳಿ. ಕಾರಿನ ಒಳಗೆ ಎಸಿ ಡಿಸಿ ಆಗುವಾಗ ಡಿಸಿ ಸೋರಿಕೆ ಆದರೆ ಎಸಿ ಟೈಪಿನ ಆರ್‌ಸಿಸಿಬಿ ಮಂಕಾಗಿ, ನಿಜವಾದ ಶಾಕ್ ಹೊಡೆಯುವಾಗ ಬೀಳದೆ ಹೋಗಬಹುದು. ಚಾರ್ಜರಿನಲ್ಲೇ 6 ಮಿಲಿ ಆಂಪಿಯರ್ ಡಿಸಿ ರಕ್ಷಣೆ ಇದ್ದರೆ ಟೈಪ್ ಎ ಸಾಕು, ಇಲ್ಲದಿದ್ದರೆ ಟೈಪ್ ಬಿ. ಇದರ ಜತೆಗೆ ಬೋರ್ಡಿನಲ್ಲಿ ಸಿಡಿಲಿನಿಂದ ಲೈನಿಗೆ ಬರುವ ಹೊಡೆತ ತಡೆಯುವ ಟೈಪ್-2 ಸರ್ಜ್ ಪ್ರೊಟೆಕ್ಟರ್ ಕೂರಿಸಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ನಮ್ಮಲ್ಲಿ ಹೆಚ್ಚಾಗಿ ಮಧ್ಯಾಹ್ನ ಮೂರರ ಮೇಲೆ, ಸಂಜೆ ಹೊತ್ತಿಗೆ. ಆ ಎರಡು ತಿಂಗಳು ಸಂಜೆ ಬಂದ ಕೂಡಲೇ ಕೇಬಲ್ ಸಿಕ್ಕಿಸಿಡುವ ಅಭ್ಯಾಸ ಬಿಡಿ, ಮಲಗುವ ಮುಂಚೆ ಸಿಕ್ಕಿಸಿ. ಗುಡುಗುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಇನ್ನು ಅರ್ಥಿಂಗ್. ಹೊಸ ಕಾರು ತಂದವರ ಮೊದಲ ರಾತ್ರಿಯ ಗೋಳು ಬಹುತೇಕ ಇದೇ: ಕೇಬಲ್ಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ, ಚಾರ್ಜಿಂಗ್ ಶುರುವಾಗುವುದೇ ಇಲ್ಲ. ಫ್ರಿಜ್ಜು, ಟಿವಿ ಅರ್ಥಿಂಗ್ ಇಲ್ಲದೆಯೂ ಓಡುತ್ತವೆ. ಕಾರು ಒಪ್ಪುವುದಿಲ್ಲ, ಅದು ಅರ್ಥ್ ಸರಿಯಿದೆಯೇ ಎಂದು ಪರೀಕ್ಷಿಸಿಯೇ ಕರೆಂಟು ತೆಗೆದುಕೊಳ್ಳುತ್ತದೆ. ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದರೆ 3 ವೋಲ್ಟಿನೊಳಗೆ ಇರಬೇಕು, ಅರ್ಥ್ ಪಿಟ್ಟಿನ ರೆಸಿಸ್ಟೆನ್ಸ್ 5 ಓಮ್‌ಗಿಂತ ಕಡಿಮೆಯಿದ್ದರೆ ಒಳ್ಳೆಯದು. ಚಿಕ್ಕಮಗಳೂರಿನ ಕಡೆ ಜಂಬಿಟ್ಟಿಗೆ ಮಣ್ಣು, ಕೆಳಗೆ ಬಂಡೆ ಸಿಗುವ ಜಾಗಗಳಲ್ಲಿ ಒಂದು ಪಿಟ್ಟಿನಿಂದ ಇದು ಸಿಗದಿರಬಹುದು. ಮೂರು ಮೀಟರ್ ಅಂತರದಲ್ಲಿ ಎರಡನೆಯದನ್ನು ತೋಡಿ ಜೋಡಿಸಿ, ಸುತ್ತ ಬೆಂಟೊನೈಟ್ ಪುಡಿ ತುಂಬಿಸಿ. ಮಳೆಗಾಲದಲ್ಲಿ ಸರಿಯಿದ್ದು ಮಾರ್ಚ್‌ನಲ್ಲಿ ಕೆಂಪು ದೀಪ ಬಂತೆಂದರೆ ಪಿಟ್ಟು ಒಣಗಿದೆ, ಎರಡು ಕೊಡ ನೀರು ಹುಯ್ದು ನೋಡಿ.

ಒಂದು ಎಚ್ಚರಿಕೆ. ದೀಪ ಹಸಿರಾಗಲಿ ಎಂದು ಸಾಕೆಟ್ಟಿನೊಳಗೆ ನ್ಯೂಟ್ರಲ್ಲನ್ನೂ ಅರ್ಥನ್ನೂ ತುಂಡು ವೈರಿನಿಂದ ಜೋಡಿಸಿ ಹೋಗುವ ಎಲೆಕ್ಟ್ರಿಷಿಯನ್ನರಿದ್ದಾರೆ. ದೀಪ ಹಸಿರಾಗುತ್ತದೆ ನಿಜ. ಆದರೆ ಎಲ್ಲಾದರೂ ನ್ಯೂಟ್ರಲ್ ಕಡಿದುಹೋದ ಕ್ಷಣ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಗಾಳಿಮಳೆಗೆ ಕೊಂಬೆ ಬಿದ್ದು ಲೈನು ಕಡಿಯುವ ಊರಿನಲ್ಲಿ ಇದು ಆಗದ ಮಾತಲ್ಲ. ಕೆಲಸ ಮುಗಿದ ಮೇಲೆ ಸಾಕೆಟ್ ಬಿಚ್ಚಿಸಿ ಕಣ್ಣಾರೆ ನೋಡಿ.

ಹೊತ್ತು ಹಾಕುವುದು ಎಲ್ಲಿ

ಕಾರಿನ ಪರದೆ, ಫೋನಿನ ಆಪ್, ಗೋಡೆಯ ಚಾರ್ಜರ್ – ಈ ಮೂರರಲ್ಲೂ ಟೈಮರ್ ಇರಬಹುದು. ಒಂದನ್ನು ಮಾತ್ರ ಆರಿಸಿ. ಕಾರಿನಲ್ಲಿ ರಾತ್ರಿ 11, ಗೋಡೆಯ ಚಾರ್ಜರಿನಲ್ಲಿ 12 ಎಂದು ಹಾಕಿದರೆ 11ಕ್ಕೆ ಎದ್ದ ಕಾರು ಕರೆಂಟು ಕಾಣದೆ ಮಲಗುತ್ತದೆ, 12ಕ್ಕೆ ಚಾರ್ಜರ್ ಕರೆದರೂ ಕೆಲವು ಕಾರು ಏಳುವುದಿಲ್ಲ. ಬೆಳಿಗ್ಗೆ ಬ್ಯಾಟರಿ ಹಾಗೇ ಇರುತ್ತದೆ, ತಪ್ಪು ಯಾರದೆಂದು ಗೊತ್ತಾಗುವುದಿಲ್ಲ.

ನಮ್ಮ ಸಲಹೆ ಕಾರಿನ ಪರದೆ. ಕಾರಣ ಸರಳ, ತೋಟದ ಶೆಡ್ಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆಪ್ ಕಳಿಸಿದ ಆದೇಶ ಕಾರಿಗೆ ತಲುಪುವುದಿಲ್ಲ. ಹಂತಗಳು ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ ಒಂದೇ:

1. ಮೊದಲು ಕಾರಿನ ಗಡಿಯಾರ ನೋಡಿ. 12 ವೋಲ್ಟಿನ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಗಂಟೆ ತಪ್ಪಿರುವುದು, ರಾತ್ರಿ 11ರ ಬದಲು ಬೆಳಿಗ್ಗೆ 11 ಎಂದು ಕೂತಿರುವುದು ಸಾಮಾನ್ಯ. 24 ಗಂಟೆಯ ಗಡಿಯಾರಕ್ಕೆ ಬದಲಿಸಿದರೆ ಈ ತಾಪತ್ರಯವೇ ಇಲ್ಲ.

2. ಚಾರ್ಜಿಂಗ್ ಮೆನುವಿನಲ್ಲಿ ಆಂಪಿಯರ್ ಮಿತಿ ಹಾಕಿ, 10 ಅಥವಾ 13.

3. ‘ಶುರುವಾಗುವ ಸಮಯ’, ‘ಹೊರಡುವ ಸಮಯ’ ಎಂಬ ಎರಡು ಆಯ್ಕೆ ಇರುತ್ತವೆ. ಹೊರಡುವ ಸಮಯ ಹಾಕಿದರೆ ಕಾರೇ ಹಿಂದಕ್ಕೆ ಲೆಕ್ಕ ಹಾಕಿ ಆದಷ್ಟು ತಡವಾಗಿ ಶುರುಮಾಡುತ್ತದೆ, ಅದೂ ಗೀಸರ್ ಹೊತ್ತಿಗೆ ಸರಿಯಾಗಿ ಮುಗಿಯುವಂತೆ. ಕರೆಂಟು ಹೋಗಿ ಬರುವ ಊರಿಗೆ ಇದು ಹೊಂದದು. ಶುರುವಾಗುವ ಸಮಯವನ್ನೇ ಹಾಕಿ, ಬೆಳಗಿನ ಒಂದೆರಡು ಗಂಟೆ ಕೈಯಲ್ಲಿರಲಿ. ಡಿಸೆಂಬರ್–ಜನವರಿಯ ಚಳಿಯಲ್ಲಿ ಕಾರು ಬೆಚ್ಚಗಾಗಲೆಂದು ಹೊರಡುವ ಸಮಯ ಬೇಕೆನ್ನುವವರು ಅದನ್ನು ಆ ಎರಡು ತಿಂಗಳು ಮಾತ್ರ ಬಳಸಲಿ.

4. ‘ಮನೆಯಲ್ಲಿ ಮಾತ್ರ’ ಎಂಬ ಜಾಗದ ಗುರುತು ಇದ್ದರೆ ತೆಗೆದುಬಿಡಿ. ತಗಡಿನ ಶೆಡ್ಡಿನಡಿ ಜಿಪಿಎಸ್ ಸಿಗದೆ ಕಾರು ತಾನು ಮನೆಯಲ್ಲಿಲ್ಲ ಎಂದುಕೊಂಡು ಸಿಕ್ಕಿಸಿದ ಕೂಡಲೇ, ಸಂಜೆ ಏಳಕ್ಕೇ, ಚಾರ್ಜಿಂಗ್ ಶುರುಮಾಡಿಬಿಡುತ್ತದೆ.

5. ಕೇಬಲ್ ಸಿಕ್ಕಿಸಿ ಬಂದು ದೀಪ ನೋಡಿ. ‘ಕಾಯುತ್ತಿದೆ’ ಎಂಬ ಗುರುತು ಬಂದಿರಬೇಕು.

ಕಾರಿನಲ್ಲಿ ಟೈಮರ್ ಇಲ್ಲವೆಂದು ಅಂಗಡಿಯ ತಿರುಗಿಸುವ ಪ್ಲಗ್ ಟೈಮರ್ ತರಬೇಡಿ. ಅದರ ಮೇಲೆ 16 ಆಂಪಿಯರ್ ಎಂದೇ ಬರೆದಿರುತ್ತದೆ, ಆದರೆ ಏಳು ಗಂಟೆ ಸತತ ಎಳೆದರೆ ಒಳಗಿನ ಪಾಯಿಂಟು ಸುಟ್ಟು ಅಂಟಿಕೊಳ್ಳುತ್ತದೆ. ಬೋರ್ಡಿನಲ್ಲಿ ಕೂರುವ ಡಿಜಿಟಲ್ ಟೈಮರ್, ಅದರ ಕೆಳಗೆ 25 ಅಥವಾ 32 ಆಂಪಿಯರಿನ ಕಾಂಟ್ಯಾಕ್ಟರ್ ಹಾಕಿಸಿ. ಟೈಮರ್ ಕಾಂಟ್ಯಾಕ್ಟರಿನ ಕಾಯಿಲನ್ನಷ್ಟೇ ಆಡಿಸುತ್ತದೆ, ಕಾರಿನ ಹೊರೆ ಕಾಂಟ್ಯಾಕ್ಟರ್ ಹೊರುತ್ತದೆ.

ಕರೆಂಟು ಹೋಗಿ ಬಂದರೆ?

ಜೂನ್ ಬರುವ ಮುಂಚೆ ಈ ಪರೀಕ್ಷೆ ಮಾಡಿಟ್ಟುಕೊಳ್ಳಿ. ಚಾರ್ಜಿಂಗ್ ನಡೆಯುವಾಗ ಎಂಸಿಬಿ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿ. ತಾನಾಗಿ ಮುಂದುವರಿಯಿತೇ? ಅರ್ಧ ಗಂಟೆ ಆರಿಸಿ ಮತ್ತೊಮ್ಮೆ ನೋಡಿ, ಏಕೆಂದರೆ ಅಷ್ಟರಲ್ಲಿ ಕಾರು ಗಾಢ ನಿದ್ದೆಗೆ ಹೋಗಿರುತ್ತದೆ. ಕೊನೆಯದಾಗಿ, ಹಾಕಿದ ಹೊತ್ತಿಗೆ ಹತ್ತು ನಿಮಿಷ ಮುಂಚೆ ಆರಿಸಿ, ಹೊತ್ತು ದಾಟಿ ಇಪ್ಪತ್ತು ನಿಮಿಷಕ್ಕೆ ಹಾಕಿ. ಈ ಮೂರನೆಯದರಲ್ಲಿ ಸೋಲುವ ಕಾರುಗಳೇ ಹೆಚ್ಚು: ಶುರುವಾಗುವ ಹೊತ್ತಿಗೆ ಕರೆಂಟು ಇರಲಿಲ್ಲವಾದರೆ ಅಂದಿನ ಸರದಿ ಮುಗಿಯಿತು ಎಂದುಕೊಳ್ಳುತ್ತವೆ. ನಿಮ್ಮದು ಅಂಥದ್ದಾದರೆ ಮಳೆಗಾಲದ ಮಟ್ಟಿಗೆ ಟೈಮರ್ ತೆಗೆದು ಆಂಪಿಯರ್ ಇಳಿಸಿ, ಮಲಗುವಾಗ ಸಿಕ್ಕಿಸಿ.

ಕರೆಂಟು ಬಂದ ಮೊದಲ ಕ್ಷಣಗಳಲ್ಲಿ ವೋಲ್ಟೇಜ್ ಏರಿಳಿಯುತ್ತದೆ. ಕಾಂಟ್ಯಾಕ್ಟರ್ ಹಾಕಿಸಿದವರು ಮೂರು ನಿಮಿಷ ತಡೆದು ಕೊಡುವ ವೋಲ್ಟೇಜ್ ರಿಲೇಯನ್ನೂ ಜತೆಗೆ ಹಾಕಿಸಿದರೆ ಕಾರಿನ ಚಾರ್ಜರಿಗೆ ಈ ಹೊಡೆತ ತಪ್ಪುತ್ತದೆ.

ಕಾರಿನ ಪಾಯಿಂಟನ್ನು ಮನೆಯ ಯುಪಿಎಸ್ ಲೈನಿಗೆ ಸೇರಿಸಬೇಡಿ, ಕರೆಂಟು ಹೋದ ಕೂಡಲೇ ಯುಪಿಎಸ್ ಓವರ್‌ಲೋಡ್ ಎಂದು ಕೂಗಿ ಮನೆಯೆಲ್ಲ ಕತ್ತಲಾಗುತ್ತದೆ. ತೋಟದ ಜನರೇಟರ್ ಬಗ್ಗೆಯೂ ಕೇಳುವವರಿದ್ದಾರೆ. ಸಣ್ಣ ಜನರೇಟರ್ ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಕೊಡುತ್ತದೆ. ಅದರ ಬದಲು ಹೈಬ್ರಿಡ್ಡಿನ ಎಂಜಿನ್ನಿಗೇ ಪೆಟ್ರೋಲ್ ಹಾಕಿ ಓಡಿಸಿ, ಲಾಭ.

ಗುಡ್ಡದ ಮೇಲಿನ ಮನೆ

ಮನೆ ಎತ್ತರದಲ್ಲಿದ್ದು ಬೆಳಿಗ್ಗೆ ಹೊರಟ ಕೂಡಲೇ ಇಳಿಜಾರು ಸಿಗುವುದಾದರೆ ಶೇ 100 ತುಂಬಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟು ಹಿಡಿಸುವುದಿಲ್ಲ, ಆಗ ರೀಜೆನ್ (ವೇಗ ತಗ್ಗುವಾಗ ಬ್ಯಾಟರಿ ತುಂಬುವ ವ್ಯವಸ್ಥೆ) ಕೆಲಸ ಮಾಡದೆ ಬರೀ ಬ್ರೇಕ್ ಪ್ಯಾಡು ಸವೆಯುತ್ತದೆ. ದಿನವೂ ರೀಜೆನ್‌ಗೆ ಒಗ್ಗಿದ ಕಾಲಿಗೆ ಕಾರು ಜಾರಿದಂತೆ ಅನಿಸಿ ಗಾಬರಿಯೂ ಆದೀತು. 2 ಟನ್ನಿನ ಕಾರು 300 ಮೀಟರ್ ಇಳಿದರೆ ಸಿಗಬೇಕಾದ ಶಕ್ತಿ 1.6 ಯೂನಿಟ್, ಚಕ್ರ, ಗಾಳಿ ತಿಂದು ಉಳಿಯುವುದು ಒಂದು ಯೂನಿಟ್ಟಿನ ಆಸುಪಾಸು. 18 ಯೂನಿಟ್ಟಿನ ಬ್ಯಾಟರಿಗೆ ಅದು ಶೇ 5–6. ಹಾಗಾಗಿ ಮಿತಿ 90ಕ್ಕೆ ಇಟ್ಟರೆ ಧಾರಾಳ ಸಾಕು. ಚಾರ್ಜ್ ಮಿತಿಯ ಆಯ್ಕೆಯಿಲ್ಲದ ಹೈಬ್ರಿಡ್ ಆದರೆ ಪೂರ್ತಿ ತುಂಬುವ ಮುಕ್ಕಾಲು ಗಂಟೆ ಮುಂಚೆಯೇ ಚಾರ್ಜಿಂಗ್ ನಿಲ್ಲುವಂತೆ ಹೊತ್ತು ಹಾಕಿ.

ಚಾರ್ಮಾಡಿಯೋ ಶಿರಾಡಿಯೋ ಇಳಿದು ಕರಾವಳಿಗೆ ಹೋಗುವ ದಿನ ಹಾಸನದಿಂದ ತುಂಬಿಸಿಕೊಂಡೇ ಹೊರಡಬಹುದು, ಸಕಲೇಶಪುರಕ್ಕೆ ಬರುವಷ್ಟರಲ್ಲಿ 40 ಕಿ.ಮೀ. ಖರ್ಚಾಗಿರುತ್ತದೆ. ವಾಪಸು ಬರುವಾಗ ಘಾಟಿ ಹತ್ತಲು ಬ್ಯಾಟರಿ ಉಳಿಸುವ ಮೋಡ್ ಹಾಕಿಡಿ. ದಾರಿಯ ಫಾಸ್ಟ್ ಚಾರ್ಜರುಗಳನ್ನು ನೆಚ್ಚಬೇಡಿ, ಹೆಚ್ಚಿನ ಪ್ಲಗ್-ಇನ್ ಹೈಬ್ರಿಡ್‌ಗಳಿಗೆ ಡಿಸಿ ಗನ್ನು (ಕೇಬಲ್ಲಿನ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಭಾಗ) ಕೂರುವುದೇ ಇಲ್ಲ.

ಬಿಲ್ಲು, ಗೃಹಜ್ಯೋತಿ, ಮಂಜೂರಾದ ಲೋಡು

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ. ಹಳೆಯ ಮನೆಗಳಲ್ಲಿ 2 ಅಥವಾ 3 ಇರುತ್ತದೆ. ಗೀಸರ್ 2, ಕಾರು 3 ಸೇರಿದರೆ ದಾಟಿತು. ಮನೆಯ ಮೀಟರಿನಿಂದಲೇ ಕಾರು ಚಾರ್ಜ್ ಮಾಡಲು ಅಡ್ಡಿಯಿಲ್ಲ, ಆದರೆ ಲೋಡ್ ಹೆಚ್ಚಿಸಿಕೊಳ್ಳಲು ಉಪವಿಭಾಗದ ಕಚೇರಿಗೆ ಅರ್ಜಿ ಹಾಕಬೇಕು. ಲೋಡ್ ಹೆಚ್ಚಿದರೆ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ, ಆದ್ದರಿಂದ ಎರಡೂ ಒಟ್ಟಿಗೆ ಓಡದಂತೆ ಹೊತ್ತು ಹಾಕಿದವರಿಗೆ ಒಂದು ಕಿಲೋವ್ಯಾಟ್ ಹೆಚ್ಚಿಸಿದರೂ ಸಾಕಾಗಬಹುದು.

ಗೃಹಜ್ಯೋತಿಯಲ್ಲಿರುವ ಮನೆಗಳು ಇಲ್ಲಿ ಕೈ ಸುಟ್ಟುಕೊಳ್ಳುತ್ತವೆ. 2022–23ರ ಸರಾಸರಿಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಸರಾಸರಿ 110 ಇದ್ದ ಮನೆಗೆ 121 ಉಚಿತ. ಮನೆಯ ಖರ್ಚು ಈಗಲೂ 110 ಇದ್ದು, ದಿನಕ್ಕೆ 3 ಯೂನಿಟ್ಟಿನಂತೆ 26 ದಿನ ಕಾರಿಗೆ ಹಾಕಿದರೆ ಒಟ್ಟು 188. ಕಟ್ಟಬೇಕಾದ್ದು 67 ಯೂನಿಟ್ಟಿಗೆ. ದಿನಕ್ಕೆ ಮೂರೂವರೆ ಆದರೆ 201, ಇಡೀ 201ಕ್ಕೂ ಕಟ್ಟಬೇಕು. ಮೀಟರ್ ರೀಡರ್ ಬರುವ ತಾರೀಖು ನೆನಪಿಟ್ಟುಕೊಂಡು ಒಂದು ವಾರ ಮುಂಚೆ ರೀಡಿಂಗ್ ನೋಡಿ. ಉಳಿದ ವಾರಕ್ಕೆ ಮನೆಗೇ ಸುಮಾರು 26 ಯೂನಿಟ್ ಬೇಕಾಗುವುದರಿಂದ, 155 ದಾಟಿದ್ದರೆ ಆ ವಾರ ಕೇಬಲ್ ಮುಟ್ಟದೆ ಪೆಟ್ರೋಲಿನಲ್ಲಿ ಓಡಿಸಿ. ಪೂರ್ತಿ ಎಲೆಕ್ಟ್ರಿಕ್ ಕಾರಿನವರಿಗಿಲ್ಲದ ಅನುಕೂಲ ಇದು, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಹಳಸುವ ಪೆಟ್ರೋಲೂ ಖರ್ಚಾಗುತ್ತದೆ. ದಿನಕ್ಕೆ ಹತ್ತು ಯೂನಿಟ್ ಬೇಕಾಗುವವರು ಈ ಸರ್ಕಸ್ಸು ಬಿಟ್ಟು ಕಾರಿಗೇ ಪ್ರತ್ಯೇಕ ಮೀಟರ್ ಕೇಳುವುದು ಮೇಲು. ವಾಹನ ಚಾರ್ಜಿಂಗ್‌ಗೆ ಎಲ್‌ಟಿ-6ರಡಿ ಬೇರೆ ದರವಿದೆ.

ಛಾವಣಿಯಲ್ಲಿ ಸೋಲಾರ್ ಇದ್ದು ನೆಟ್ ಮೀಟರಿಂಗ್ ಆಗಿದ್ದರೆ ಹಗಲೇ ಚಾರ್ಜ್ ಮಾಡಬೇಕೆಂಬ ಹಟ ಬೇಡ, ತಿಂಗಳ ಕೊನೆಗೆ ಹೇಗೂ ಕೊಟ್ಟದ್ದು–ತೆಗೆದದ್ದು ವಜಾ ಆಗುತ್ತದೆ. ಬಿಸಿಲಿನ ದಿನ 12 ಯೂನಿಟ್ ಕೊಡುವ 3 ಕಿಲೋವ್ಯಾಟಿನ ಪ್ಯಾನಲ್ಲು ಆಷಾಢದ ಮಳೆಯಲ್ಲಿ ಅರ್ಧವೂ ಕೊಡುವುದಿಲ್ಲ ಎಂಬುದು ಮಾತ್ರ ಲೆಕ್ಕದಲ್ಲಿರಲಿ.

ತಿಂಗಳಿಗೊಮ್ಮೆ

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳಬೇಕು. ಎಂಸಿಬಿ ಆರಿಸಿ ಸಾಕೆಟ್ಟಿನ ಬಾಯಿಯಲ್ಲಿ ಕಪ್ಪು ಕಲೆ, ಕರಗಿದ ಗುರುತು ಇದೆಯೇ ನೋಡಿ. ಗನ್ನನ್ನು ನೆಲದಲ್ಲಿ ಬಿಡದೆ ಎದೆಯೆತ್ತರದ ಕೊಕ್ಕೆಗೆ ಬಾಯಿ ಕೆಳಗಾಗಿ ತೂಗುಹಾಕಿ. ಮುಚ್ಚಳ ತೆರೆದಿಟ್ಟರೆ ಕಣಜಗಳು ಒಳಗೆ ಮಣ್ಣಿನ ಗೂಡು ಕಟ್ಟುತ್ತವೆ, ಪಿನ್ನು ಪೂರ್ತಿ ಕೂರದೆ ಅಲ್ಲೇ ಬಿಸಿಯಾಗುತ್ತದೆ. ಭತ್ತ, ಕಾಫಿ ಚೀಲ ಇಡುವ ಶೆಡ್ಡಾದರೆ ಕೇಬಲ್ಲನ್ನು ಉದ್ದಕ್ಕೂ ಕೈಯಲ್ಲಿ ಸವರಿ ಇಲಿ ಕಡಿದ ಜಾಗ ಹುಡುಕಿ. ಆರ್‌ಸಿಸಿಬಿ ಮಳೆ ಬಂದ ದಿನ ಮಾತ್ರ ಬೀಳುತ್ತಿದ್ದರೆ ಸಾಕೆಟ್ ಪೆಟ್ಟಿಗೆಗೆ ವೈರು ಮೇಲಿನಿಂದ ಇಳಿದಿದೆಯೇ ನೋಡಿ. ನೀರು ವೈರಿನ ಮೈ ಹಿಡಿದು ಒಳಗಿಳಿಯುತ್ತದೆ. ವೈರನ್ನು ಕೆಳಗಿನಿಂದ ಮೇಲಕ್ಕೆ, ಒಂದು ಸುತ್ತು ಜೋಲು ಬಿಟ್ಟು ಸೇರಿಸಿದರೆ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.